ಗಾನತಪಸ್ವಿನಿ ಮೇರಿಯನ್ ಆಂಡರ್ಸನ್

ಮಹಾತ್ಮರ ಚರಿತ್ರೆಯನ್ನು ಮಕ್ಕಳಿಗೆ ಪದ್ಯರೂಪದಿಂದ ಹೇಳುವ ಪದ್ಧತಿಯು ಬಹು ಪುರಾತನವಾದದ್ದು. ಗದ್ಯವನ್ನು ಓದಿ ಮರೆಯುವ ಮಗುವು ಹಾಡನ್ನು ಕೇಳಿ ಮರೆಯದು. ಧ್ರುವ, ಪ್ರಹ್ಲಾದ, ಹರಿಶ್ಚಂದ್ರರ ಕಥೆಗಳು ನಮ್ಮ ಮನೆಮನೆಗಳಲ್ಲಿ ಉಳಿದುಬಂದದ್ದು ಬಹುಮಟ್ಟಿಗೆ ತಾಯಂದಿರ ಕಂಠದ ಬಲದಿಂದಲೇ. ಇತ್ತೀಚಿನ ದಶಕಗಳಲ್ಲಿ ಅಮೇರಿಕೆಯವರೂ ಈ ದಾರಿಯನ್ನು ಹಿಡಿದು, ತಮ್ಮ ದೇಶದ ಕರಿಯ ವರ್ಣದ ಗಾಯಕ ಗಾಯಕಿಯರ ಜೀವನಗಳನ್ನು ಚಿಕ್ಕ ಮಕ್ಕಳಿಗಾಗಿ ಚಿತ್ರಗಳೊಡನೆ ಸರಳವಾದ ಪದ್ಯಗಳಲ್ಲಿಯೂ ಹಾಡಿನಂತೆ ಓಡುವ ಗದ್ಯದಲ್ಲಿಯೂ ಬರೆದು ಪ್ರಕಟಿಸುತ್ತಿರುವರು. ತಮ್ಮ ಹಿರಿಯರು ಮಾಡಿದ ಅನ್ಯಾಯವನ್ನು ತಮ್ಮ ಮಕ್ಕಳಿಗೆ ಮುಚ್ಚಿಡದೆ ಹೇಳುವ ಈ ಧೈರ್ಯವನ್ನು ನಾವು ಮೆಚ್ಚತಕ್ಕದ್ದೇ ಸರಿ. ಹೀಗೆ ಮಕ್ಕಳ ಪುಸ್ತಕಗಳಲ್ಲಿ ಸ್ಥಾನವನ್ನು ಪಡೆದ ಗಾಯಕಿಯರಲ್ಲಿ ಫಿಲಾಡೆಲ್ಫಿಯಾ ನಗರದ ಮೇರಿಯನ್ ಆಂಡರ್ಸನ್ನರು ಪ್ರಮುಖರು.

ಆದರೆ ಮಕ್ಕಳ ಪದ್ಯಕ್ಕೆ ಒಂದು ಶಿಖರವಿರಬೇಕಾಗುವದು. ಮಗುವಿನ ಮನಸ್ಸು ಆ ಶಿಖರವನ್ನು ಏರಿ ಸಂತೋಷದಿಂದ ನಿದ್ರೆಗೆ ಹೋಗಬೇಕು. ಆಂಡರ್ಸನ್ನರ ಜೀವನದಲ್ಲಿ ಅಂತಹ ಶಿಖರವು ತಾನಾಗಿಯೇ ಇರುವದು. ೧೯೩೯ನೆಯ ಇಸವಿಯ ಎಪ್ರಿಲ್ ೯ರ ಈಸ್ಟರ್ ರವಿವಾರದ ಸಂಜೆ, ಸಭಾಗೃಹದ ಬಾಗಿಲು ಮುಚ್ಚಿದ್ದರಿಂದ ಬಯಲಿನಲ್ಲಿ ನಿಂತು ೭೫,೦೦೦ ಜನರೆದುರು ಹಾಡಿದ ಪ್ರಸಂಗವೇ ಅದು. ಆ ದಿನದ ವೈಭವದಲ್ಲಿ ಮುಳುಗಿದವರು, ಅದಕ್ಕೆ ಮೊದಲು ಆ ತಾಯಿಯು ಕಾದ ವರ್ಷಗಳನ್ನೂ, ಅದರ ತರುವಾಯ ಮತ್ತೆ ಕಾದ ವರ್ಷಗಳನ್ನೂ ಮರೆಯುವ ಸಂಭವವುಂಟು. ಪ್ರೌಢರಾದ ನಮ್ಮ ವಾಚಕರು ಆ ವರ್ಷಗಳ ಲೆಕ್ಕವನ್ನೂ ತಿಳಿಯಲೆಂದು ಈ ಚರಿತ್ರೆಯನ್ನು ಇಲ್ಲಿ ಹೇಳುತ್ತಿರುವೆವು.

ಮೇರಿಯನ್ ಹುಟ್ಟಿದ್ದು ೧೮೯೭ನೆಯ ಫೆಬ್ರುವರಿ ೨೭ರಂದು. ಅಮೇರಿಕೆಯಲ್ಲಿ ಗುಲಾಮಗಿರಿಯು ಕಾಯಿದೆಯಿಂದ ಅಳಿದು ಆಗ ೩೧ ವರ್ಷಗಳಾಗಿದ್ದವು. ತಂದೆ ಜಾನ್ ಆಂಡರ್ಸನ್ನನು ಫಿಲಾಡೆಲ್ಫಿಯಾದ ರೆಡಿಂಗ್ ಟರ್ಮಿನಲ್ ಎಂಬ ರೈಲ್ವೆ ನಿಲ್ದಾಣದ ಪೇಟೆಯಲ್ಲಿ ಮಂಜುಗಡ್ಡೆಯನ್ನೂ ಕಲ್ಲಿದ್ದಲನ್ನೂ ಮಾರಿ ಸಂಸಾರ ಸಾಗಿಸುತ್ತಿದ್ದನು. ತಾಯಿ ಆ್ಯನಿಯು ವರ್ಜೀನಿಯಾ ಪ್ರಾಂತದಲ್ಲಿ ಶಿಕ್ಷಕಿಯಾಗಿದ್ದವಳು. ಫಿಲಾಡೆಲ್ಫಿಯಾಕ್ಕೆ ಬಂದ ಮೇಲೆ, ಪದವಿಯಿಲ್ಲವೆಂಬ ಕಾರಣದಿಂದ ಆಕೆಗೆ ಶಾಲೆಯ ಕೆಲಸವು ದೊರೆಯಲಿಲ್ಲ. ಆ ನಿಯಮವನ್ನು ಕರಿಯರಿಗೆ ಮಾತ್ರ ಅನ್ವಯಿಸುತ್ತಿದ್ದರು, ಬಿಳಿಯ ಶಿಕ್ಷಕಿಯರಿಗೆ ಅದರ ಅಡ್ಡಿಯಿರಲಿಲ್ಲ. ಹೀಗೆ ಮಗಳು ಹುಟ್ಟುವ ಮೊದಲೇ ಆ ಮನೆಯ ಎದುರಿಗೆ ಒಂದು ಬಾಗಿಲು ಮುಚ್ಚಿತ್ತು. ಮೇರಿಯನ್ ಹಿರಿಯವಳು, ಆಲಿಸ್, ಎಥೆಲ್ ಎಂಬಿಬ್ಬರು ಅವಳ ತಂಗಿಯರು.

ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಮಕ್ಕಳ ಮೇಳದಲ್ಲಿ ಈ ಬಾಲಿಕೆಯು ಆರು ವರ್ಷದವಳಿರುವಾಗಲೇ ಹಾಡತೊಡಗಿದಳು. ಸೋದರತ್ತೆಯು ಅವಳ ಕೈಹಿಡಿದು ನೆರೆಹೊರೆಯ ಸಭೆಗಳಿಗೆ ಕರೆದುಕೊಂಡು ಹೋಗಿ ಹಾಡಿಸುವಳು. ೨೫ ಸೆಂಟೋ ೫೦ ಸೆಂಟೋ ಸಂಭಾವನೆ ಸಿಗುವದು. ಪಾಶ್ಚಾತ್ಯ ಸಂಗೀತದಲ್ಲಿ ಸ್ತ್ರೀಯರ ಕಂಠಗಳಲ್ಲೆಲ್ಲ ಅತ್ಯಂತ ಮಂದ್ರವೂ ಗಂಭೀರವೂ ಆದದ್ದನ್ನು ಕಾಂಟ್ರಾಲ್ಟೋ ಎಂದು ಕರೆಯುವರು. ಅದು ವಿರಳವಾದ ಕಂಠ. ಈ ಹುಡುಗಿಯ ವೈಶಿಷ್ಟ್ಯವೆಂದರೆ, ಮಂದ್ರದಿಂದ ತಾರಸ್ಥಾಯಿಯ ವರೆಗೆ ಆಕೆಯ ಧ್ವನಿಯು ನಿರಾಯಾಸವಾಗಿ ಏರುತ್ತಿತ್ತು. ಮೇಳದಲ್ಲಿ ಯಾವ ದರ್ಜೆಯ ಗಾಯಕರು ಬಾರದಿದ್ದರೂ ಅವರ ಭಾಗವನ್ನು ಈಕೆಯೇ ಹಾಡಿ ಮುಗಿಸುವಳು. ಪಿಟೀಲಿನ ಆಸೆಯಿಂದ ನೆರೆಯವರ ಮನೆಯ ಮೆಟ್ಟಿಲುಗಳನ್ನು ಉಜ್ಜಿ ತೊಳೆದು, ಐದೈದು ಸೆಂಟುಗಳನ್ನು ಕೂಡಿಹಾಕಿ, ಗಿರವಿ ಅಂಗಡಿಯೊಳಗಿನ ಹಳೆಯ ಪಿಟೀಲೊಂದನ್ನು ಕೊಂಡಳು. ಎಂಟು ವರ್ಷದವಳಾದಾಗ ತಂದೆಯು ಒಂದು ಪಿಯಾನೋವನ್ನು ತಂದನು. ಕಲಿಸುವವರಿಗೆ ಕೊಡಲು ಹಣವಿರಲಿಲ್ಲವಾದ್ದರಿಂದ ಹುಡುಗಿಯು ತಾನೇ ಬೆರಳಾಡಿಸಿ ಕಲಿತಳು.

ಹನ್ನೆರಡರ ವಯಸ್ಸಿನಲ್ಲಿ ತಂದೆಯು ತೀರಿಕೊಂಡನು. ನಿಲ್ದಾಣದಲ್ಲಿ ಕೆಲಸ ಮಾಡುತ್ತಿರುವಾಗ ತಲೆಗೆ ಬಿದ್ದ ಪೆಟ್ಟೇ ಅವನಿಗೆ ಮೃತ್ಯುವಾಯಿತು. ಶಿಕ್ಷಕಿಯಾಗಬೇಕಾಗಿದ್ದ ಆ್ಯನಿಯು ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅತ್ತೆಮಾವಂದಿರ ಮನೆಯನ್ನು ಸೇರಿದಳು. ಪರರ ಬಟ್ಟೆಗಳನ್ನು ಒಗೆದಳು. ನಗರದ ದೊಡ್ಡ ಅಂಗಡಿಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ನಿಂತಳು. ಈ ತಾಯಿಯ ಬಾಯಿಂದ ಕಟುವಾದ ಮಾತು ಹೊರಟದ್ದನ್ನು ಮಕ್ಕಳು ಕಂಡಿರಲಿಲ್ಲ. ಮುಂದೆ ಜಗತ್ತಿನವರು ಮೇರಿಯನ್ನಳಲ್ಲಿ ಕಂಡ ಶಾಂತಿಯು ಆ ಮನೆಯಿಂದ ಬಂದದ್ದು. ಬಡತನದ ಮೂಲಕ ಶಾಲೆಯ ಅಭ್ಯಾಸವು ಹಲವು ವರ್ಷಗಳ ಕಾಲ ನಿಂತುಹೋಗಿ, ಮೇರಿಯನ್ ಹೈಸ್ಕೂಲನ್ನು ಮುಗಿಸಿದ್ದು ೧೯೨೧ರಲ್ಲಿ, ೨೪ನೆಯ ವಯಸ್ಸಿನಲ್ಲಿ.

ಈ ನಡುವೆ ತನ್ನ ಊರಿನ ಸಂಗೀತಶಾಲೆಯೊಂದಕ್ಕೆ ಆಕೆಯು ಪ್ರವೇಶ ಕೇಳಲು ಹೋಗಿದ್ದಳು. ಅರ್ಜಿಯ ಕಾಗದ ಪಡೆಯುವವರ ಸಾಲಿನಲ್ಲಿ ನಿಂತಿದ್ದ ಆಕೆಯನ್ನು ಕಿಡಿಕಿಯೊಳಗಿನ ತರುಣಿಯು ನೋಡಿಯೂ ನೋಡದಂತೆ ಬಿಟ್ಟು, ಉಳಿದವರೆಲ್ಲರ ಕೆಲಸ ಮುಗಿಸಿ, ಕಡೆಗೆ ಕರಿಯ ವರ್ಣದವರನ್ನು ತಾವು ಸೇರಿಸಿಕೊಳ್ಳುವದಿಲ್ಲವೆಂದು ಹೇಳಿ ಕಳಿಸಿದಳು. ಹಾಡಿಸಿ ನೋಡಿ ತಿರಸ್ಕರಿಸಿದ್ದರೆ ಅದು ಪರೀಕ್ಷೆಯಾಗುತ್ತಿತ್ತು. ಇಲ್ಲಿ ಕಂಠವನ್ನು ಯಾರೂ ಕೇಳಲಿಲ್ಲ, ಚರ್ಮವನ್ನು ನೋಡಿದರು. ಹುಡುಗಿಯು ಮನೆಗೆ ಮರಳಿ ಬಂದಳು. ಆ ಶಾಲೆಯ ಮೆಟ್ಟಿಲನ್ನು ಆಕೆಯು ಮತ್ತೆ ತುಳಿಯಲಿಲ್ಲ.

ಶಾಲೆಯು ತಿರಸ್ಕರಿಸಿದ್ದನ್ನು ಬಡವರ ಚರ್ಚು ಎತ್ತಿಕೊಂಡಿತು. ಕೂಲಿಕಾರರೂ ಮನೆಗೆಲಸದವರೂ ತುಂಬಿದ್ದ ಆ ಸಭೆಯವರು ಸೆಂಟು ಸೆಂಟು ಸೇರಿಸಿ ಈ ಹುಡುಗಿಯ ಶಿಕ್ಷಣಕ್ಕೆ ನಿಧಿ ಕೂಡಿಸಿದರು. ಕರಿಯ ವರ್ಣದವರಲ್ಲಿ ಆಗಲೇ ಹೆಸರಾಗಿದ್ದ ರೋಲಂಡ್ ಹೇಯ್ಸ್ ಎಂಬ ಗಾಯಕರು ಆಕೆಯ ಕಂಠವನ್ನು ಕೇಳಿ ಬೆಂಬಲಕ್ಕೆ ನಿಂತರು. ಜುಸೆಪ್ಪೆ ಬೊಗೆಟ್ಟಿ ಎಂಬ ಶಿಸ್ತಿನ ಗುರುವಿಗೆ ಆಕೆಯು ಶಿಷ್ಯೆಯಾದದ್ದು ಈ ಜನರ ಪುಣ್ಯದಿಂದಲೇ. ಒಬ್ಬ ಕಲಾವಿದಳ ಹಿಂದೆ ಎಷ್ಟು ಜನರ ಬೆವರು ಇರುವದೆಂಬುದನ್ನು ಇದರಿಂದ ಅರಿಯಬಹುದು.

ತರುಣಿಯಾದ ಆಂಡರ್ಸನ್ನರು ಹಾಡಲೆಂದು ತಾಯಿಯೊಡನೆ ದಕ್ಷಿಣದ ಜಾರ್ಜಿಯಾ ಪ್ರಾಂತಕ್ಕೆ ಮೊದಲ ಸಲ ಹೊರಟಾಗ, ವಾಶಿಂಗ್ಟನ್ನಿನಲ್ಲಿ ಅವರನ್ನು ಕರಿಯರಿಗಾಗಿಯೇ ಇಟ್ಟ ಹೊಲಸು ಡಬ್ಬಿಗೆ ಕಳಿಸಲಾಯಿತು. ವರ್ಣದ ಮೂಲಕ ರೈಲಿನ ಡಬ್ಬಿಯಲ್ಲಿ ಅಪಮಾನ ಪಡುವದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ೧೮೯೩ರಲ್ಲಿ ದಕ್ಷಿಣ ಆಫ್ರಿಕೆಯ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಮೋಹನದಾಸ ಗಾಂಧಿಯವರನ್ನು ಕೆಳಗಿಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಆಂಡರ್ಸನ್ನರ ಪಾಲಿಗೆ ಇದು ಒಂದು ರಾತ್ರಿಯ ಅನುಭವವಾಗಿರದೆ ಹಲವು ವರ್ಷಗಳ ನಿತ್ಯಕ್ರಮವಾಯಿತು. ಸಭಾಗೃಹದಲ್ಲಿ ಬಿಳಿಯರು ಎದ್ದುನಿಂತು ಚಪ್ಪಾಳೆ ತಟ್ಟುವರು. ಅದೇ ಊರಿನ ಹೊಟೇಲಿನಲ್ಲಿ ಗಾಯಕಿಗೆ ಒಂದು ಕೋಣೆ ಸಿಗದು, ಊಟದ ಮನೆಯಲ್ಲಿ ಒಂದು ತಟ್ಟೆ ಸಿಗದು. ಯಾರಾದರೂ ಸ್ವಜನರ ಮನೆಯಲ್ಲಿ ಉಳಿದು, ಬೆಳಗಾದ ಮೇಲೆ ಮುಂದಿನ ಊರಿಗೆ ಸಾಗಬೇಕು.

ಎಲ್ಲ ಅಡ್ಡಿಗಳೂ ಹೊರಗಿನವೇ ಆಗಿದ್ದವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ೧೯೨೪ರಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಆಂಡರ್ಸನ್ನರು ಹಾಡಿದಾಗ ಆಸನಗಳು ಬಹಳಷ್ಟು ಬರಿದಾಗಿದ್ದವು. ಜರ್ಮನ್ ಭಾಷೆಯ ಗೀತಗಳ ಅರ್ಥವನ್ನೂ ಉಚ್ಚಾರವನ್ನೂ ಇನ್ನೂ ವಶಮಾಡಿಕೊಂಡಿರಲಿಲ್ಲವೆಂದು ಪತ್ರಿಕೆಗಳ ವಿಮರ್ಶಕರು ಬರೆದರು. ಆ ಟೀಕೆಯು ನ್ಯಾಯವಾದದ್ದೆಂದು ಅವರಿಗೇ ತಿಳಿದಿತ್ತು. ಮನನೊಂದು ಕೆಲವು ತಿಂಗಳು ಹಾಡುವದನ್ನೇ ಬಿಟ್ಟರು. ತಾಯಿಯ ಸಮಾಧಾನದಿಂದ ಚೇತರಿಸಿಕೊಂಡು ಮತ್ತೆ ಗುರುವಿನ ಬಳಿಗೆ ಹೋದರು. ೧೯೨೫ರಲ್ಲಿ ಸುಮಾರು ೩೦೦ ಜನ ಸ್ಪರ್ಧಿಗಳೊಳಗೆ ಮೊದಲಿಗರಾಗಿ, ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದೊಡನೆ ಹಾಡುವ ಗೌರವವನ್ನು ಪಡೆದರು. ವರ್ಣದ್ವೇಷದಿಂದ ಬಂದ ನಿರಾಕರಣೆಯನ್ನೂ ತನ್ನ ಕೊರತೆಯಿಂದ ಬಂದ ಸೋಲನ್ನೂ ಬೇರೆಬೇರೆಯಾಗಿ ಕಾಣುವ ವಿವೇಕವು ಅವರಲ್ಲಿತ್ತು. ಪೀಡಿತರಾದವರಿಗೆ ಈ ವಿವೇಕವು ಸುಲಭವಾಗಿ ಬರುವಂಥದಲ್ಲ.

ಸ್ಪರ್ಧೆಯಲ್ಲಿ ಗೆದ್ದರೂ ಸ್ವದೇಶದ ದೊಡ್ಡ ವೇದಿಕೆಗಳು ತೆರೆಯಲಿಲ್ಲ. ಆದ್ದರಿಂದ ಜೂಲಿಯಸ್ ರೋಸೆನ್‌ವಾಲ್ಡ್ ನಿಧಿಯ ಶಿಷ್ಯವೇತನವನ್ನು ಪಡೆದು ೧೯೩೦ರಲ್ಲಿ ಜರ್ಮನಿಗೆ ತೆರಳಿದರು. ಭಾಷೆಯ ದೋಷವನ್ನು ಆ ಭಾಷೆಯವರ ನಡುವೆಯೇ ಕುಳಿತು ತಿದ್ದಿಕೊಂಡರು. ಅಲ್ಲಿಂದ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್‌ಲಂಡ್ ದೇಶಗಳಲ್ಲಿ ಅವರ ಗಾಯನದ ಸಂಚಾರವು ನಡೆಯಿತು. ಉತ್ತರದ ಆ ಜನರು ಈ ಕಂಠಕ್ಕೆ ಮರುಳಾದರು. ಫಿನ್‌ಲಂಡಿನ ಕೋಸ್ಟಿ ವೆಹಾನೆನ್ ಎಂಬ ಕುಶಲ ವಾದಕರು ಪಿಯಾನೋದ ಸಾಥಿಗೆ ನಿಂತರು. ಆ ದೇಶದ ಮಹಾಸಂಗೀತಕಾರರಾದ ಸಿಬೇಲಿಯಸ್ಸರ ಮನೆಯಲ್ಲಿ ಹಾಡಿದಾಗ, ತಮ್ಮ ಮನೆಯ ಮಾಡು ಇಷ್ಟು ದೊಡ್ಡ ಧ್ವನಿಗೆ ತಗ್ಗಾಯಿತೆಂದು ಆ ವೃದ್ಧರು ಉದ್ಗರಿಸಿ, ಒಂದು ಗೀತವನ್ನು ಆಂಡರ್ಸನ್ನರಿಗೆ ಅರ್ಪಿಸಿದರು. ೧೯೩೫ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸಂಗೀತೋತ್ಸವದ ಅಧಿಕೃತ ಕಾರ್ಯಕ್ರಮದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಹೊರಗೆ ಏರ್ಪಡಿಸಿದ ಗಾಯನವನ್ನು ಕೇಳಿದ ವಾದ್ಯವೃಂದಗಳ ನಾಯಕ ಟೊಸ್ಕಾನಿನಿಯವರು, ಇಂತಹ ಕಂಠವು ನೂರು ವರ್ಷಕ್ಕೊಮ್ಮೆ ಕೇಳಿಬರುವಂಥದೆಂದು ಹೇಳಿದರು. ಆ ಮಾತು ಯುರೋಪಖಂಡವನ್ನೆಲ್ಲ ಸುತ್ತಿತು.

೧೯೩೫ರ ಕೊನೆಗೆ, ಸೋಲ್ ಹ್ಯುರಾಕ್ ಎಂಬ ಪ್ರಸಿದ್ಧ ವ್ಯವಸ್ಥಾಪಕರ ಆಶ್ರಯದಲ್ಲಿ ಆಂಡರ್ಸನ್ನರು ಸ್ವದೇಶಕ್ಕೆ ಮರಳಿದರು. ಹಡಗಿನಲ್ಲಿ ಬಿದ್ದು ಕಾಲಿನ ಎಲುಬು ಮುರಿದಿತ್ತು. ಆದರೂ ಡಿಸೆಂಬರ್ ೩೦ರಂದು, ಹನ್ನೊಂದು ವರ್ಷಗಳ ಹಿಂದೆ ಸೋತಿದ್ದ ಅದೇ ಟೌನ್ ಹಾಲಿನಲ್ಲಿ, ಪ್ಲಾಸ್ಟರಿನ ಕಟ್ಟನ್ನು ಉದ್ದವಾದ ಉಡುಪಿನಲ್ಲಿ ಮರೆಮಾಡಿಕೊಂಡು ನಿಂತರು. ನಡೆದು ಬರುವದು ಅಶಕ್ಯವಾದ್ದರಿಂದ, ನಿಂತ ಮೇಲೆಯೇ ತೆರೆಯನ್ನು ಸರಿಸಿದರು. ಅಂದಿನ ಗಾಯನವನ್ನು ಕೇಳಿ ವಿಮರ್ಶಕರು ತಮ್ಮ ಹಿಂದಿನ ತೀರ್ಪನ್ನು ಬದಲಿಸಿದರು. ಮರುವರ್ಷ ಅಧ್ಯಕ್ಷ ರೂಝವೆಲ್ಟರ ಶ್ವೇತಭವನದಲ್ಲಿ ಹಾಡಿದ್ದಾಯಿತು. ಆದರೆ ೧೯೩೭ರಲ್ಲಿ ಪ್ರಿನ್ಸ್‌ಟನ್ ನಗರದ ಹೊಟೇಲು ಅವರಿಗೆ ಕೋಣೆ ಕೊಡಲು ಒಪ್ಪಲಿಲ್ಲ. ಹಿಟ್ಲರನ ದ್ವೇಷದಿಂದ ಜರ್ಮನಿಯನ್ನು ಬಿಟ್ಟು ಬಂದು ಆ ಊರಿನಲ್ಲಿದ್ದ ವಿಜ್ಞಾನಿ ಐನ್‌ಸ್ಟೈನರು ತಮ್ಮ ಮನೆಯ ಬಾಗಿಲನ್ನು ತೆರೆದು ಅತಿಥಿಯಾಗಿ ಬರಮಾಡಿಕೊಂಡರು. ಆ ಸ್ನೇಹವು ಕಡೆಯವರೆಗೂ ನಡೆಯಿತು.

ಹೀಗಿರಲು ೧೯೩೯ನೆಯ ಇಸವಿ ಬಂದಿತು. ವಾಶಿಂಗ್ಟನ್ನಿನಲ್ಲಿ ಕರಿಯ ವರ್ಣದವರ ಉಚ್ಚ ಶಿಕ್ಷಣದ ಕೇಂದ್ರವಾದ ಹೋವರ್ಡ್ ವಿಶ್ವವಿದ್ಯಾಲಯದವರು ಆಂಡರ್ಸನ್ನರ ಗಾಯನವನ್ನು ಗೊತ್ತುಮಾಡಿದರು. ಶ್ರೋತೃಗಳು ಬಹಳವಾದ್ದರಿಂದ ಸುಮಾರು ೪,೦೦೦ ಆಸನಗಳುಳ್ಳ ಕಾನ್‌ಸ್ಟಿಟ್ಯೂಶನ್ ಹಾಲ್ ಎಂಬ ಭವನವನ್ನು ಬಾಡಿಗೆಗೆ ಕೇಳಿದರು. ಆ ಭವನದ ಒಡೆತನವು ಅಮೇರಿಕೆಯ ಕ್ರಾಂತಿಯ ಪುತ್ರಿಯರೆಂಬ ಹೆಸರಿನ ಸ್ತ್ರೀಸಂಘದ್ದು. ಇಂಗ್ಲಂಡಿನ ದೊರೆತನದ ವಿರುದ್ಧ ಕಾದಿ ಸ್ವಾತಂತ್ರ್ಯವನ್ನು ಗಳಿಸಿದ ವೀರರ ವಂಶಜೆಯರು ಮಾತ್ರ ಅದರ ಸದಸ್ಯೆಯರಾಗಬಹುದು. ಆ ಭವನದ ಬಾಡಿಗೆಯ ಕರಾರಿನಲ್ಲಿ ಬಿಳಿಯ ಕಲಾವಿದರಿಗೆ ಮಾತ್ರವೆಂಬ ಷರತ್ತಿತ್ತು. ಮೊದಲು ಆ ದಿನವು ತೆರವಿಲ್ಲವೆಂದು ಹೇಳಿದರು. ಬೇರೆ ದಿನಗಳನ್ನು ಸೂಚಿಸಿದಾಗ ನಿಜವಾದ ಕಾರಣವು ಹೊರಬಿದ್ದಿತು. ನಗರದ ಶಿಕ್ಷಣಮಂಡಳಿಯವರೂ ಬಿಳಿಯರ ಹೈಸ್ಕೂಲಿನ ಸಭಾಗೃಹವನ್ನು ನಿರಾಕರಿಸಿದರು. ಸ್ವಾತಂತ್ರ್ಯವೀರರ ಮೊಮ್ಮಕ್ಕಳೇ ಗುಲಾಮರ ಮೊಮ್ಮಕ್ಕಳಿಗೆ ಬಾಗಿಲು ಮುಚ್ಚಿದರೆಂಬುದು ಇತಿಹಾಸದ ವಿಡಂಬನೆಯೇ ಸರಿ. ಸ್ವಾತಂತ್ರ್ಯವು ಪಿತ್ರಾರ್ಜಿತವಾದ ಆಸ್ತಿಯೆಂದು ತಿಳಿಯುವವರು ಅದರ ಅರ್ಥವನ್ನು ಮರೆತೇಬಿಡುವರು.

ಅಧ್ಯಕ್ಷರ ಪತ್ನಿಯಾದ ಎಲಿನೋರ್ ರೂಝವೆಲ್ಟರು ಆ ಸಂಘದ ಸದಸ್ಯೆಯಾಗಿದ್ದರು. ಫೆಬ್ರುವರಿಯ ಕೊನೆಗೆ ಅವರು ತಮ್ಮ ಸದಸ್ಯತ್ವಕ್ಕೆ ರಾಜೀನಾಮೆಯಿತ್ತು ಆ ಸಂಗತಿಯನ್ನು ಪತ್ರಿಕೆಗಳ ಮೂಲಕ ತಿಳಿಸಿದ್ದರಿಂದ ಒಂದು ನಗರದ ಜಗಳವು ಇಡೀ ದೇಶದ ಪ್ರಶ್ನೆಯಾಯಿತು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘದ ನಾಯಕರಾದ ವಾಲ್ಟರ್ ವೈಟ್, ವ್ಯವಸ್ಥಾಪಕ ಹ್ಯುರಾಕ್, ಒಳಾಡಳಿತ ಖಾತೆಯ ಮಂತ್ರಿ ಹೆರಾಲ್ಡ್ ಇಕಿಸ್ ಮೊದಲಾದವರ ಪ್ರಯತ್ನದಿಂದ, ಲಿಂಕನ್ನರ ಸ್ಮಾರಕಮಂದಿರದ ಮೆಟ್ಟಿಲುಗಳ ಮೇಲೆ ಬಯಲುಗಾಯನ ಮಾಡುವದೆಂದು ನಿಶ್ಚಯವಾಯಿತು. ಗುಲಾಮಗಿರಿಯನ್ನು ಮುರಿದ ಲಿಂಕನ್ನರ ಆ ಮಂದಿರವನ್ನು ೧೯೨೨ರಲ್ಲಿ ಉದ್ಘಾಟಿಸಿದಾಗಲೂ ಕರಿಯ ವರ್ಣದವರನ್ನು ಬೇರೆ ಕೂಡ್ರಿಸಿದ್ದರೆಂಬುದನ್ನು ನೆನೆದರೆ, ಈ ನಿಶ್ಚಯದ ಮಹತ್ವವು ತಿಳಿದೀತು.

ಆಂಡರ್ಸನ್ನರು ಇದನ್ನೆಲ್ಲ ಉತ್ಸಾಹದಿಂದ ಸ್ವೀಕರಿಸಿದರೆಂದು ತಿಳಿಯಬಾರದು. ಅವರು ಸಂಕೋಚಸ್ವಭಾವದವರು, ಪ್ರದರ್ಶನವೆಂದರೆ ಹೆದರುವವರು. ತಮ್ಮ ಹೆಸರು ಗಾಯನವನ್ನು ಬಿಟ್ಟು ವಾದದ ವಸ್ತುವಾದದ್ದು ಅವರಿಗೆ ನೋವನ್ನುಂಟುಮಾಡಿತ್ತು. ಹಿಂದಿನ ರಾತ್ರಿ ಹ್ಯುರಾಕರಿಗೆ ಫೋನು ಮಾಡಿ, ಹಾಡಲೇಬೇಕೇ ಎಂದು ಕೇಳಿದರಂತೆ. ಆದರೆ ತಾವು ಒಬ್ಬರಾಗಿ ಉಳಿದಿಲ್ಲವೆಂಬುದನ್ನು ಅರಿತು, ಮರುದಿನದ ಚಳಿಯಲ್ಲಿ ತುಪ್ಪಳಿನ ಕೋಟನ್ನು ತೊಟ್ಟು ಮೆಟ್ಟಿಲಿಳಿದು ಬಂದು ನಿಂತರು. ಹಿಂದೆ ಲಿಂಕನ್ನರ ಕಲ್ಲಿನ ಮೂರ್ತಿ. ಮುಂದೆ ಕಣ್ಣು ಹೋದಷ್ಟು ದೂರ ಕರಿಯರೂ ಬಿಳಿಯರೂ ಭುಜಕ್ಕೆ ಭುಜ ತಾಗಿಸಿ ನಿಂತ ಜನಸಾಗರ. ರೇಡಿಯೋದ ಮೂಲಕ ಕೇಳುತ್ತಿದ್ದವರು ಲಕ್ಷಾವಧಿ. ಮೊದಲು ದೇಶಗೀತವನ್ನು ಹಾಡಿದರು. ಅದರಲ್ಲಿ ನಾನೆಂಬ ಮಾತಿದ್ದ ಎಡೆಯಲ್ಲಿ ನಾವೆಂದು ಮಾರ್ಪಡಿಸಿಕೊಂಡರು. ತರುವಾಯ ಡೊನಿಜೆಟ್ಟಿಯ ಸಂಗೀತನಾಟಕದ ಒಂದು ಪದ, ಶೂಬರ್ಟನ ಆವೆ ಮರಿಯಾ, ಕಡೆಗೆ ಗುಲಾಮಗಿರಿಯ ಕಾಲದ ಭಜನಪದಗಳು. ಭಾಷಣವಿಲ್ಲ, ನಿಂದೆಯಿಲ್ಲ. ಅರ್ಧ ಗಂಟೆಯ ಗಾಯನದಿಂದ, ಮುಚ್ಚಿದ ಭವನವು ಎಷ್ಟು ಚಿಕ್ಕದೆಂಬುದನ್ನು ಜಗತ್ತು ಕಂಡಿತು.

ಮಕ್ಕಳ ಪದ್ಯವು ಇಲ್ಲಿಗೆ ನಿಂತರೆ ನಾವು ಆಕ್ಷೇಪಿಸುವದಿಲ್ಲ. ಆದರೆ ಆ ಸಂಜೆಯು ಮುಗಿದು ಜನರು ಮನೆಗೆ ಹೋದ ಮೇಲೆ, ರೈಲಿನ ಡಬ್ಬಿಗಳು ಬೇರೆಯಾಗಿಯೇ ಇದ್ದವು. ಹೊಟೇಲುಗಳ ಬಾಗಿಲು ಮುಚ್ಚಿಯೇ ಇದ್ದವು. ದಕ್ಷಿಣದ ಸಭಾಗೃಹಗಳಲ್ಲಿ ಕರಿಯರನ್ನು ಹಿಂದಿನ ಸಾಲುಗಳಿಗೋ ಮೇಲಿನ ಅಟ್ಟಕ್ಕೋ ಅಟ್ಟುವದು ವಾಡಿಕೆಯಾಗಿತ್ತು. ಆಂಡರ್ಸನ್ನರು ಮೊದಲು ಒಂದು ಕರಾರನ್ನು ಹಾಕಿದರು: ಭವನದ ಪ್ರತಿಯೊಂದು ಭಾಗದಲ್ಲಿಯೂ, ಎದುರಿನ ಸಾಲುಗಳಲ್ಲಿ ಸಹ, ತಮ್ಮ ಜನರಿಗೆ ಆಸನಗಳಿರಬೇಕು. ಇದರಿಂದ ಜನರು ಬೇರೆಯಾಗಿಯೇ ಕುಳಿತರೂ ಮೇಲುಕೀಳಿನ ಗುರುತು ಅಳಿಯುವದೆಂದು ಅವರ ಎಣಿಕೆ. ೧೯೪೩ರ ಜನವರಿಯಲ್ಲಿ, ಯುದ್ಧಕಾಲದ ಪರಿಹಾರನಿಧಿಗಾಗಿ ಹಾಡಬೇಕೆಂದು ಕ್ರಾಂತಿಯ ಪುತ್ರಿಯರೇ ಕಾನ್‌ಸ್ಟಿಟ್ಯೂಶನ್ ಹಾಲಿಗೆ ಅವರನ್ನು ಆಮಂತ್ರಿಸಿದರು. ಶ್ರೋತೃಗಳನ್ನು ವರ್ಣದ ಮೇಲಿಂದ ಬೇರ್ಪಡಿಸಕೂಡದೆಂಬ ನಿಬಂಧನೆಯ ಮೇಲೆ ಹೋಗಿ ಹಾಡಿದರು. ಜಯಭೇರಿ ಹೊಡೆಯಲಿಲ್ಲ, ಅದು ಹಾಡಲು ಯೋಗ್ಯವಾದ ಒಂದು ಭವನವೆಂಬಷ್ಟೇ ಭಾವದಿಂದ ಹಾಡಿ ಬಂದರು.

ಈ ಸೌಮ್ಯತೆಯು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ೧೯೩೯ರ ಬೇಸಿಗೆಯಲ್ಲಿ ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ, ಎಲಿನೋರ್ ರೂಝವೆಲ್ಟರ ಕೈಯಿಂದ ಸ್ವಜನರ ಅತ್ಯುಚ್ಚ ಪದಕವನ್ನು ಆಂಡರ್ಸನ್ನರು ಸ್ವೀಕರಿಸಿದ್ದರು. ಹನ್ನೆರಡು ವರ್ಷಗಳ ತರುವಾಯ, ೧೯೫೧ರಲ್ಲಿ, ಅದೇ ರಿಚ್ಮಂಡಿನಲ್ಲಿ ಅವರ ಗಾಯನವನ್ನು ಸ್ವಜನರೇ ಬಹಿಷ್ಕರಿಸಿದರು. ಸಾಲುಗಳನ್ನು ಹೇಗೆ ಹಂಚಿದರೂ ಬೇರ್ಪಡಿಸುವದು ಬೇರ್ಪಡಿಸುವದೇ ಎಂಬುದು ಹೊಸ ತಲೆಮಾರಿನವರ ವಾದವಾಗಿತ್ತು. ಆ ವಾದದಲ್ಲಿ ಸತ್ಯವಿತ್ತು. ಆಂಡರ್ಸನ್ನರು ಕೋಪಿಸಿಕೊಳ್ಳದೆ ಅದನ್ನು ಗ್ರಹಿಸಿದರು. ೧೯೫೦ರ ದಶಕದ ಆರಂಭದಿಂದ, ಶ್ರೋತೃಗಳನ್ನು ವರ್ಣದಿಂದ ವಿಭಾಗಿಸುವ ಯಾವ ಭವನದಲ್ಲಿಯೂ ಹಾಡುವದಿಲ್ಲವೆಂದು ನಿರ್ಧರಿಸಿದರು. ಕೀರ್ತಿಶಿಖರದಲ್ಲಿದ್ದವರು ಕಿರಿಯರಿಂದ ಕಲಿಯುವದು ಅಪರೂಪದ ಗುಣ. ಬಯಲಿನ ಗಾಯನದಷ್ಟೇ ದೊಡ್ಡದಾದ ಪ್ರಸಂಗವೆಂದು ನಾವು ಇದನ್ನು ಎಣಿಸುವೆವು.

ಇನ್ನು ಸಂಗೀತನಾಟಕದ ರಂಗ. ಪಾಶ್ಚಾತ್ಯ ಗಾಯಕರಿಗೆ ಅದೇ ಪರಮಪದ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾ ರಂಗಮಂದಿರವು ೧೮೮೩ರಲ್ಲಿ ತೆರೆದಂದಿನಿಂದ ಒಬ್ಬ ಕರಿಯ ವರ್ಣದ ಗಾಯಕರಿಗೂ ಅಲ್ಲಿ ಮುಖ್ಯಪಾತ್ರವು ದೊರೆತಿರಲಿಲ್ಲ. ವ್ಯವಸ್ಥಾಪಕರಾದ ರುಡಾಲ್ಫ್ ಬಿಂಗ್ ಅವರ ಆಮಂತ್ರಣದಿಂದ ೧೯೫೫ರ ಜನವರಿ ೭ರಂದು ಆಂಡರ್ಸನ್ನರು ವೆರ್ದಿಯ ನಾಟಕವೊಂದರಲ್ಲಿ ಉಲ್ರಿಕಾ ಎಂಬ ಕಣಿ ಹೇಳುವವಳ ಪಾತ್ರವನ್ನು ಹಾಡಿದರು. ತೆರೆ ಸರಿಯುತ್ತಲೇ, ಬಾಯಿ ತೆರೆಯುವ ಮೊದಲೇ, ಜನರು ಎದ್ದುನಿಂತು ಗೌರವಿಸಿದರು. ಆಗ ಅವರಿಗೆ ೫೭ ವರ್ಷ. ಕಂಠದ ಯೌವನವು ದಾಟಿಹೋಗಿತ್ತು. ಮೂವತ್ತರ ಹರೆಯದಲ್ಲಿ ಆ ರಂಗವು ತೆರೆದಿದ್ದರೆ ಆ ಕಂಠದಿಂದ ಎಷ್ಟು ಪಾತ್ರಗಳು ಜೀವ ತಳೆಯುತ್ತಿದ್ದವೋ, ಯಾರು ಹೇಳಬಲ್ಲರು? ಈ ನಷ್ಟವನ್ನು ಯಾವ ಸನ್ಮಾನವೂ ತುಂಬಿಕೊಡಲಾರದು. ತಡವಾದ ಗೌರವವನ್ನು ಕೊಟ್ಟವರು ತಮ್ಮ ಔದಾರ್ಯವನ್ನು ಹೊಗಳಿಕೊಳ್ಳುವಾಗ, ಕಳೆದುಹೋದ ವರ್ಷಗಳ ಸಾಲವು ಹಾಗೆಯೇ ಉಳಿದಿರುವದೆಂಬುದನ್ನು ಮರೆಯಲಾಗದು. ಆ ಬಾಗಿಲಿನಿಂದ ಮುಂದೆ ಲಿಯೊಂಟೀನ್ ಪ್ರೈಸ್ ಮೊದಲಾದ ಗಾಯಕಿಯರು ಒಳಹೊಕ್ಕು ತಮ್ಮ ಪೂರ್ಣಯೌವನದ ಕಂಠದಿಂದ ಹಾಡಿದರೆಂಬುದೊಂದೇ ಸಮಾಧಾನ.

೧೯೫೭ರಲ್ಲಿ ತಮ್ಮ ಸರಕಾರದ ಪರವಾಗಿ ಆಂಡರ್ಸನ್ನರು ಏಶಿಯಾ ಖಂಡದ ಸಂಚಾರವನ್ನು ಕೈಕೊಂಡು ನಮ್ಮ ದೇಶಕ್ಕೂ ಬಂದರು. ದಿಲ್ಲಿಯಲ್ಲಿ ಗಾಂಧೀಜಿಯವರ ಸ್ಮಾರಕಕ್ಕೆ ಗೌರವ ಸಲ್ಲಿಸಿದರು. ಅದೇ ವರ್ಷ ಅಮೇರಿಕೆಯ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಜನ ಕರಿಯ ಮಕ್ಕಳು ಶಾಲೆಯೊಳಗೆ ಕಾಲಿಡಲು ಸೈನ್ಯದ ಬೆಂಗಾವಲು ಬೇಕಾಗಿತ್ತು. ಏಶಿಯಾದ ಜನರು ಅದನ್ನು ಕುರಿತು ಪ್ರಶ್ನಿಸಿದಾಗ, ದೇಶವನ್ನು ದೂಷಿಸದೆ, ಅನ್ಯಾಯವನ್ನೂ ಮರೆಮಾಚದೆ ಅವರು ಉತ್ತರವಿತ್ತರು. ೧೯೫೮ರಲ್ಲಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶದ ಪ್ರತಿನಿಧಿಗಳಲ್ಲೊಬ್ಬರಾದರು. ೧೯೬೩ರ ಆಗಸ್ಟ್ ೨೮ರಂದು ಮಾರ್ಟಿನ್ ಲೂಥರ್ ಕಿಂಗರ ಪ್ರಸಿದ್ಧ ಭಾಷಣವಾದ ದಿನ, ಅದೇ ಲಿಂಕನ್ ಮೆಟ್ಟಿಲುಗಳ ಮೇಲೆ ಮತ್ತೊಮ್ಮೆ ಹಾಡಿದರು. ತಮ್ಮ ವಿದಾಯದ ಸಂಚಾರವನ್ನು ೧೯೬೪ರಲ್ಲಿ ಕಾನ್‌ಸ್ಟಿಟ್ಯೂಶನ್ ಹಾಲಿನಿಂದಲೇ ಆರಂಭಿಸಿ, ೧೯೬೫ರ ಈಸ್ಟರ್ ರವಿವಾರದಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮುಗಿಸಿದರು. ವಾಸ್ತುಶಿಲ್ಪಿಯಾಗಿದ್ದ ಪತಿ ಆರ್ಫಿಯಸ್ ಫಿಶರರೊಡನೆ ಕನೆಕ್ಟಿಕಟ್ ಪ್ರಾಂತದ ಹೊಲಮನೆಯಲ್ಲಿ ಬಹುಕಾಲ ಬಾಳಿ, ಅವರು ತೀರಿಕೊಂಡ ಮೇಲೆ ಕೊನೆಗಾಲವನ್ನು ಸೋದರಳಿಯನ ಮನೆಯಲ್ಲಿ ಕಳೆದು, ೧೯೯೩ರ ಎಪ್ರಿಲ್ ೮ರಂದು ೯೬ನೆಯ ವಯಸ್ಸಿನಲ್ಲಿ ಶಾಂತರಾದರು. ಮರುದಿನಕ್ಕೆ ಬಯಲುಗಾಯನವಾಗಿ ೫೪ ವರ್ಷಗಳು ತುಂಬುತ್ತಿದ್ದವು.

ಇಂತಹ ಜೀವನದಲ್ಲಿ ಅತ್ಯಂತ ಧನ್ಯವಾದ ಗಳಿಗೆಯು ಯಾವದೆಂದು ಒಮ್ಮೆ ಅವರನ್ನು ಕೇಳಿದ್ದರು. ಟೊಸ್ಕಾನಿನಿಯವರ ಪ್ರಶಂಸೆಯನ್ನಾಗಲಿ, ಲಿಂಕನ್ ಮೆಟ್ಟಿಲುಗಳನ್ನಾಗಲಿ ಅವರು ಹೇಳಲಿಲ್ಲ. ತಾಯಿಯು ಇನ್ನು ಮೇಲೆ ಪರರ ಮನೆಯ ಕೆಲಸಕ್ಕೆ ಹೋಗಬೇಕಾಗಿಲ್ಲವೆಂದು ತಾವು ಆಕೆಗೆ ಹೇಳಿದ ಗಳಿಗೆಯೇ ಅದೆಂದರು. ಮಕ್ಕಳ ಪದ್ಯಕ್ಕೆ ನಿಜವಾದ ಶಿಖರವು ಇದೇ ಎಂದು ನಮಗೆ ತೋರುವದು. ೭೫,೦೦೦ ಜನರೆಂದರೆ ಎಷ್ಟೆಂಬುದು ಮಗುವಿಗೆ ತಿಳಿಯದೆ ಇರಬಹುದು. ನೆಲ ಒರೆಸಿ ದಣಿದ ತಾಯಿಯ ಕೈ ಎಂದರೆ ಏನೆಂಬುದು ಪ್ರತಿಯೊಂದು ಮಗುವಿಗೂ ತಿಳಿಯುವದು.

೨೦೨೪ರಲ್ಲಿ ಫಿಲಾಡೆಲ್ಫಿಯಾದ ಪ್ರಖ್ಯಾತ ವಾದ್ಯವೃಂದದವರು ತಮ್ಮ ಮಹಾಭವನಕ್ಕೆ ಮೇರಿಯನ್ ಆಂಡರ್ಸನ್ನರ ಹೆಸರನ್ನಿಟ್ಟರು. ಅರ್ಜಿಯ ಕಾಗದಕ್ಕಾಗಿ ಸಾಲಿನಲ್ಲಿ ನಿಂತಿದ್ದ ಹುಡುಗಿಯನ್ನು ಹಾಡಿಸದೆಯೇ ಹಿಂದಿರುಗಿಸಿದ ಊರು ಅದೇ. ಹೆಸರನ್ನಿಡಲು ಸುಮಾರು ನೂರು ವರ್ಷಗಳು ಬೇಕಾದವು. ಇದನ್ನು ಓದಿ ಅಮೇರಿಕೆಯವರನ್ನು ಜರಿದು ಪತ್ರಿಕೆಯನ್ನು ಮಡಿಚಿಡುವದು ಸುಲಭ. ಆದರೆ ಜನ್ಮವನ್ನು ನೋಡಿ ಗುಡಿಯ ಬಾಗಿಲನ್ನೂ ಕೆರೆಯ ಮೆಟ್ಟಿಲನ್ನೂ ಶಾಲೆಯ ಕಟ್ಟೆಯನ್ನೂ ಮುಚ್ಚಿದ ಜನರು ನಾವೂ ಆಗಿರುವೆವು. ಹಾಗೆ ಹಿಂದಿರುಗಿಸಿದ ಮಕ್ಕಳಲ್ಲಿ ಯಾರ ಕಂಠವಿತ್ತು, ಯಾರ ಬುದ್ಧಿಯಿತ್ತು ಎಂಬುದನ್ನು ಕೇಳಿ ನೋಡಿದವರಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗ, ಬಯಲಿನಲ್ಲಿ ಹಾಡಿದವರ ಮಹಿಮೆಯನ್ನು ಹೇಳಿದಷ್ಟೇ ಸ್ಪಷ್ಟವಾಗಿ, ಬಾಗಿಲು ಮುಚ್ಚಿದವರ ಕಥೆಯನ್ನೂ ಹೇಳೋಣ. ಮುಂದೆ ಅದೇ ಮಕ್ಕಳ ಕೈಗೆ ಯಾವದಾದರೊಂದು ಬಾಗಿಲಿನ ಕೀಲಿಯು ಬಂದೇ ಬರುವದು.